ಕರಿ ಹಲಗೆಯ ಮೇಲೆ ದಿನಕ್ಕೊಂದು ಸುಳ್ಳು

ಸಿಂದಗಿಯಲ್ಲಿ ಒಮ್ಮೆ ಹೊಸದಾಗಿ ನೌಕರಿಗೆ ಸೇರಿದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ತರಬೇತಿ ಇಟ್ಟಿದ್ದರು. ಹಳಬರು ನಾಲ್ಕು ಅನುಭವದ ಮಾತು ಹೇಳಲಿ ಎಂದು ನನ್ನನ್ನೂ ಕರೆದಿದ್ದರು. ನನಗಿಂತ ಮೊದಲು ಮಾತಾಡಿದವರು ರಟ್ಟಿನ ಚಕ್ರ, ಬಣ್ಣದ ಕಾಗದದ ಹೂವು, ಹುಣಸೆ ಬೀಜ ತುಂಬಿದ ಡಬ್ಬಿ ಎಂದು ಮೇಜಿನ ಮೇಲೆ ಒಂದು ಸಣ್ಣ ಸಂತೆಯನ್ನೇ ಹರಡಿದ್ದರು. ನಾನು ಬರಿಗೈಯಲ್ಲಿ ಹೋಗಿದ್ದೆ. ಮೈಕಿನ ಮುಂದೆ ನಿಂತು, ದಿನಾ ಬೆಳಿಗ್ಗೆ ಕರಿ ಹಲಗೆಯ ಮೇಲೆ ಒಂದು ಶುದ್ಧ ಸುಳ್ಳು ಬರೆಯಿರಿ, ಉಳಿದದ್ದೆಲ್ಲ ಆಮೇಲೆ ಎಂದೆ. ಹೊಸಬರು ನಕ್ಕರು. ತರಬೇತಿ ನಡೆಸುತ್ತಿದ್ದ ಹಿರಿಯರು ಮಾತ್ರ ವಹಿಯಲ್ಲಿ ಬರೆಯುತ್ತಿದ್ದ ಕೈಯನ್ನು ಅಲ್ಲೇ ತಡೆದು, ಈಯಮ್ಮನಿಗೆ ಬಿಸಿಲು ಬಡಿಯಿತೇನೋ ಎಂಬಂತೆ ನೋಡಿದರು. ನನಗೆ ಕೊಟ್ಟದ್ದು ಹತ್ತು ನಿಮಿಷ. ಅಷ್ಟರಲ್ಲಿ ನಗು ಬರುವ ಅರ್ಧ ಕತೆಯನ್ನಷ್ಟೇ ಹೇಳಿ ಇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಶಾಲೆ ಇಂಡಿ ತಾಲ್ಲೂಕಿನಲ್ಲಿ, ಹೊರ್ತಿಗೆ ಹೋಗುವ ರಸ್ತೆಯಿಂದ ಒಳಗೆ ಸರಿದ ಒಂದು ಹಳ್ಳಿಯಲ್ಲಿತ್ತು. ತೊಂಬತ್ತರ ದಶಕದ ನಡುವಿನ ಮಾತು. ನಾನು ಮುದ್ದೇಬಿಹಾಳದ ಪೇಟೆಯಲ್ಲಿ ಬೆಳೆದವಳು, ನಮ್ಮಪ್ಪನದು ಬಟ್ಟೆ ಅಂಗಡಿ. ಟಿಸಿಎಚ್ ಮುಗಿಸಿ ಆರ್ಡರ್ ಕೈಗೆ ಬಂದಾಗ ಇಡೀ ಜಗತ್ತಿಗೆ ಓದು ಕಲಿಸಿಬಿಡುವ ಹುಮ್ಮಸ್ಸಿನಲ್ಲಿದ್ದೆ. ಹೋಗಿ ನೋಡಿದರೆ ಜಗತ್ತಿಗೆ ಎರಡೇ ಖೋಲಿ. ಅದರಲ್ಲಿ ಒಂದರ ತುಂಬ ಪಂಚಾಯಿತಿಯವರ ಸಿಮೆಂಟ್ ಚೀಲ ಮತ್ತು ಕೆಟ್ಟು ಕುಳಿತ ಒಂದು ಪಂಪು. ಉಳಿದ ಒಂದೇ ಖೋಲಿಯಲ್ಲಿ ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ಅಷ್ಟೂ ಮಕ್ಕಳು, ನಾಲ್ಕು ಸಾಲು ಮಾಡಿಕೊಂಡು ನೆಲದ ಮೇಲೆ ಕುಳಿತಿದ್ದವು.

ಮಾಸ್ತರರು ಎಂದರೆ ನಾವಿಬ್ಬರೇ, ಹೆಡ್ ಮಾಸ್ತರರು ಮತ್ತು ನಾನು. ಹೆಡ್ ಮಾಸ್ತರರು ನಿವೃತ್ತಿಗೆ ಹತ್ತಿರ ಬಂದ ಒಳ್ಳೆಯ ಮನುಷ್ಯ. ಆದರೆ ವಾರದಲ್ಲಿ ಮೂರು ದಿನ ಬಗಲಲ್ಲಿ ಚೀಲ ಸಿಕ್ಕಿಸಿಕೊಂಡು ಇಂಡಿಗೆ ಹೋಗುತ್ತಿದ್ದರು. ಒಂದು ದಿನ ಮೀಟಿಂಗು, ಒಂದು ದಿನ ಬಿಲ್ಲು, ಇನ್ನೊಂದು ದಿನ ಹಿಂದಿನ ಎರಡರಲ್ಲಿ ಆದ ತಪ್ಪು ತಿದ್ದಿಸಲು. ಅವರ ಕೈಬರಹವನ್ನು ಓದಬಲ್ಲವರು ಇಡೀ ತಾಲ್ಲೂಕಿನಲ್ಲಿ ಅವರೊಬ್ಬರೇ ಆಗಿದ್ದರಿಂದ ಅವರು ಹೋಗದೆ ಆ ಕೆಲಸ ಮುಗಿಯುತ್ತಲೂ ಇರಲಿಲ್ಲ.

ಮೊದಲ ತಿಂಗಳಲ್ಲಿ ನಾನು ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ನಿಂತು ಪಾಠ ಹೇಳಬಾರದು. ಮಕ್ಕಳೆಲ್ಲ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿವೆ ಎಂದು ನಾನು ಹಿಗ್ಗುತ್ತಿದ್ದೆ, ಅವು ನೋಡುತ್ತಿದ್ದದ್ದು ನನ್ನ ಹಿಂದೆ ಹಾದುಹೋಗುವ ಎಮ್ಮೆಯನ್ನು. ಒಬ್ಬನಿಗೆ ನೀರು ಕುಡಿಯಲು ಬಿಟ್ಟರೆ ಇಡೀ ಶಾಲೆಗೆ ಬಾಯಾರಿಕೆ ಹತ್ತುತ್ತದೆ, ಆದ್ದರಿಂದ ತಂಬಿಗೆಯನ್ನೇ ಒಳಗೆ ತಂದಿಡಬೇಕು. ಸೀಮೆಸುಣ್ಣದ ಉದ್ದ ತುಂಡು ಮೇಜಿನ ಮೇಲೆ ಬಿಟ್ಟರೆ ಮರುದಿನ ಊರಿನ ಎಲ್ಲ ಗೋಡೆಗಳ ಮೇಲೆ ಮಾಸ್ತರರ ಚಿತ್ರ ಬರುತ್ತದೆ, ಅದೂ ಬಾಲದ ಸಮೇತ. ಇಂಥವನ್ನೆಲ್ಲ ಬೇಗ ಬೇಗ ಕಲಿತು, ಆರು ತಿಂಗಳಲ್ಲಿ ನನಗೆ ನಾನೇ ಶಾಬಾಸ್ ಹೇಳಿಕೊಂಡು, ಇನ್ನು ಕಲಿಯುವುದು ಏನೂ ಉಳಿದಿಲ್ಲ ಎಂದು ತಿಳಿದಿದ್ದೆ.

ನಾಲ್ಕು ಇಯತ್ತೆಗಳನ್ನು ಒಂದೇ ಖೋಲಿಯಲ್ಲಿ ಸಂಭಾಳಿಸಲು ಇದ್ದದ್ದು ಒಂದೇ ಉಪಾಯ. ನಾನು ಒಂದು ಸಾಲು ಓದುವುದು, ಮಕ್ಕಳು ಅದನ್ನೇ ಎತ್ತಿದ ದನಿಯಲ್ಲಿ ಅನ್ನುವುದು. ನಮ್ಮ ಕಡೆ ಎಲ್ಲ ಶಾಲೆಗಳಲ್ಲೂ ಹೀಗೇ ನಡೆಯುತ್ತಿತ್ತು. ನಾನು ಮುದ್ದೇಬಿಹಾಳದಲ್ಲಿ ಕಲಿತದ್ದೂ ಹೀಗೇ. ಶಾಲೆಯಿಂದ ಇಂಥ ದನಿ ಬರುತ್ತಿದ್ದರೆ ಊರಿನವರಿಗೆ ಸಮಾಧಾನ, ಪಾಠ ಚೆನ್ನಾಗಿ ನಡೆದಿದೆ ಎಂದರ್ಥ. ಸದ್ದು ನಿಂತರೆ ಯಾರಾದರೂ ಬಂದು ಇವತ್ತು ಸಾಲಿ ಸೂಟಿಯೇನ್ರಿ ಎಂದು ಕೇಳುತ್ತಿದ್ದರು. ನಾನು ಪುಸ್ತಕ ಹಿಡಿದು "ಓದ್ರಿ" ಎಂದರೆ ಸಾಕು, ಮಕ್ಕಳು ಬಾಯಿ ತೆರೆದು ಕಾಯುತ್ತಿದ್ದವು.

ಆ ದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮೂರನೆಯ ಇಯತ್ತೆಯ ಒಬ್ಬ ಹುಡುಗಿಯದು. ಕುರಿ ಕಾಯುವವರ ಮನೆಯ ಮಗಳು. ಮಳೆಗಾಲದಲ್ಲಿ ಅವರ ಹಿಂಡು ಊರ ಸುತ್ತಲೇ ಇರುತ್ತಿತ್ತು. ದೀಪಾವಳಿ ಮುಗಿದ ಕೂಡಲೇ ಅಪ್ಪ, ಅವ್ವ, ಮಗಳು ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ, ಕೊಲ್ಹಾರದ ಆಚೆಗೆ ಹೋಗಿಬಿಡುತ್ತಿದ್ದರು. ಅಲ್ಲಿ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಹಿಂಡನ್ನು ಕೂಡಿಸಿಕೊಳ್ಳುತ್ತಾರೆ. ಊರಿನಲ್ಲಿ ಉಳಿಯುತ್ತಿದ್ದವಳು ಅಜ್ಜಿ ಒಬ್ಬಳೇ, ಹುಡುಗಿ ಅವಳನ್ನು ಆಯಿ ಎನ್ನುತ್ತಿದ್ದಳು. ಹಾಗಾಗಿ ಹುಡುಗಿಗೆ ಅರ್ಧ ವರ್ಷ ಶಾಲೆ, ಅರ್ಧ ವರ್ಷ ಕುರಿ. ಆದರೂ ಪಾಠದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ ಓದುತ್ತಿದ್ದಳು.

ನಾನು ಬಂದ ಮೂರನೆಯ ವರ್ಷದ ಮಳೆಗಾಲದ ಶುರುವಿಗೆ ತಪಾಸಣೆಗೆ ಸಾಹೇಬರು ಬಂದರು. ನಾನು ಅವಳನ್ನೇ ಎಬ್ಬಿಸಿದೆ. ಕೆರೆಯ ಮೇಲಿನ ಪಾಠವನ್ನು ಅವಳು ಹೇಗೆ ಓದಿದಳೆಂದರೆ, ಜನ್ಮದಲ್ಲಿ ಕೆರೆ ಕಾಣದ ಆ ಊರಿನಲ್ಲಿ ಕೊಕ್ಕರೆಗಳು ಬಂದು ನಿಂತವು. ಸಾಹೇಬರು ಚುರಮುರಿ ತಿಂದು, ಚಹಾ ಕುಡಿದು, ಭೇಟಿ ಪುಸ್ತಕದಲ್ಲಿ ಓದುಗಾರಿಕೆ ಅತ್ಯುತ್ತಮ ಎಂದು ಬರೆದು ಹೋದರು. ನಾನು ಆ ಪುಟವನ್ನು ಎಷ್ಟು ಸಲ ತೆರೆದು ನೋಡಿದೆನೆಂದರೆ ಆಮೇಲೆ ಪುಸ್ತಕ ತಾನಾಗಿ ಅಲ್ಲೇ ತೆರೆಯತೊಡಗಿತು.

ಅದೇ ಉಬ್ಬಿನಲ್ಲಿ ಅವಳ ಅಪ್ಪನನ್ನು ಶಾಲೆಗೆ ಕರೆಸಿದೆ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು, ಮಾತು ಕಡಿಮೆ. ಇಂಥ ಬುದ್ಧಿವಂತೆಯನ್ನು ಕುರಿ ಹಿಂದೆ ಕಳಿಸಿದರೆ ಪಾಪ ತಟ್ಟುತ್ತದೆ ಎಂದು ಶುರು ಮಾಡಿ, ಈ ವರ್ಷ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿ, ಒಂದು ವರ್ಷ ಪೂರ್ತಿ ಕಲಿಯಲಿ ಎಂದು ಒತ್ತಾಯ ಮಾಡಿದೆ. ಅವನು ಮರಿಗಳನ್ನು ಯಾರು ನೋಡಬೇಕು ಎಂದ. ನಾನು ಸಾಹೇಬರ ಶರಾ ಓದಿ ತೋರಿಸಿದೆ. ಅವನು ಅದನ್ನು ಕೇಳಿ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಕುರಿ ದಿನಾ ಹೋಗು ಹಾದ್ಯಾಗ ತಾನ ಹೊಕ್ಕೈತ್ರಿ ಅಕ್ಕೋರ. ಅದಕ ಹಾದಿ ತಿಳದೈತಿ ಅಂತ ಹ್ಯಾಂಗ ಅನ್ನೂದು? ಹೊಸಾ ಅಡವ್ಯಾಗ ಬಿಟ್ಟ ನೋಡಬೇಕು. ಹೋಗೂ ಮುಂದ ನಾನ ಬಂದ ನೋಡ್ತೇನಿ. ಆಕಿಗೆ ಖರೇನ ಓದಾಕ ಬರ್ತೈತಿ ಅಂದ್ರ ಬಿಟ್ಟ ಹೊಕ್ಕೇನಿ."

ಅಕ್ಷರ ಗೊತ್ತಿಲ್ಲದವನು ಓದನ್ನು ಏನು ಪರೀಕ್ಷೆ ಮಾಡುತ್ತಾನೆ ಎಂದು ನಾನು ಒಳಗೊಳಗೇ ನಕ್ಕೆ. ಸರಿ, ಯಾವಾಗ ಬೇಕಾದರೂ ಬನ್ನಿ ಎಂದು ಗತ್ತಿನಿಂದ ಹೇಳಿ ಕಳಿಸಿದೆ.

ಶ್ರಾವಣ ಬಂತು. ನಮ್ಮ ಕಡೆ ಶ್ರಾವಣದಲ್ಲಿ ಮಳೆಗಿಂತ ಗಾಳಿ ಹೆಚ್ಚು, ತಡೆಯಲು ಗುಡ್ಡವಿಲ್ಲ, ಗಿಡವಿಲ್ಲ. ಒಂದು ದಿನ ನಾನು ನಾಲ್ಕನೆಯ ಇಯತ್ತೆಗೆ ಭಾಗಾಕಾರ ಹೇಳಿಕೊಡುತ್ತ, ಚಿಕ್ಕ ಮಕ್ಕಳಿಗೆ ಪಾಠ ಓದಿ ಹೇಳು ಎಂದು ಆ ಹುಡುಗಿಯನ್ನು ಕಿಟಕಿಯ ಹತ್ತಿರ ಕೂಡಿಸಿದ್ದೆ. ಅವಳು ಕೆರೆಯ ಪಾಠ ಶುರು ಮಾಡಿದಳು. ಕೆರೆಯ ದಂಡೆಯಲ್ಲಿ ಕೊಕ್ಕರೆಗಳು ನಿಂತಿವೆ. ಒಂಟಿ ಕಾಲಿನಲ್ಲಿ ನಿಂತಿವೆ. ಆಮೇಲೆ ಅದೇ ದನಿಯಲ್ಲಿ, ಅದೇ ರಾಗದಲ್ಲಿ, "ಕಿಡಕಿ ಬಾಜೂಕ ಕುಂತಾವ್ರು ಹೊರಗೇನ ನೋಡ್ತೀರಿ, ಇಲ್ಲಿ ನೋಡ್ರಿ" ಎಂದು ಓದಿ, ಮೀನು ಕಂಡ ಕೂಡಲೇ ಕೊಕ್ಕರೆ ಕೊಕ್ಕು ಚಾಚುತ್ತದೆ ಎಂದು ಮುಂದುವರಿಸಿದಳು.

ಕಿಟಕಿಯ ಮಾತು ಪುಸ್ತಕದಲ್ಲಿಲ್ಲ. ಆ ಪಾಠ ಮಾಡಿದ ದಿನ ನಾನು ಬೈದ ಮಾತು ಅದು. ಎದ್ದು ಹೋಗಿ ನೋಡಿದೆ. ಗಾಳಿಗೆ ಪುಸ್ತಕದ ಹಾಳೆಗಳು ಮಗುಚಿ ಎಂಟು ಹತ್ತು ಪುಟ ಮುಂದೆ ಹೋಗಿದ್ದವು. ಅವಳ ಎದುರಿಗಿದ್ದದ್ದು ಅಂಚೆಯವನ ಪಾಠ, ಸೈಕಲ್ಲಿನ ಚಿತ್ರದ ಸಮೇತ. ಅವಳ ಬೆರಳು ಮಾತ್ರ ಅಂಚೆಯವನ ಮೇಲೆ ಶಿಸ್ತಾಗಿ ಸರಿಯುತ್ತ ಕೊಕ್ಕರೆಗಳ ಕತೆ ಹೇಳುತ್ತಿತ್ತು.

ನಾನು ಅವಳನ್ನು ಬದಿಗೆ ಕರೆದು ಅಂಚೆಯವನ ಪಾಠದ ನಡುವಿನ ಒಂದು ಶಬ್ದ ತೋರಿಸಿ ಇದೇನು ಎಂದೆ. ಅವಳು ಪಾಠದ ಮೊದಲಿನಿಂದ ಹೇಳಲು ಶುರು ಮಾಡಿದಳು. ತಡೆದೆ. ಮೊದಲಿನಿಂದ ಬೇಡ, ಇದೊಂದೇ ಶಬ್ದ ಓದು ಎಂದೆ. ಅವಳಿಗೆ ನನ್ನ ಮಾತೇ ಅರ್ಥವಾಗಲಿಲ್ಲ. ಸಿಟ್ಟಿನಿಂದ ನನ್ನನ್ನೇ ನೋಡಿ, "ನೀವು ಹೇಳಿದ್ದ ಹೇಳೇನ್ರಿ ಅಕ್ಕೋರ, ಒಂದೂ ಬಿಟ್ಟಿಲ್ಲ" ಎಂದಳು.

ಅವಳು ಮೋಸ ಮಾಡಿರಲಿಲ್ಲ. ಎರಡು ವರ್ಷದಿಂದ ನಾನು ಓದು ಎಂದಾಗಲೆಲ್ಲ ಮಾಡಿಸಿದ್ದು ಅದನ್ನೇ. ನಾಲ್ಕು ಇಯತ್ತೆಯ ಪಾಠಗಳೂ ಒಂದೇ ಖೋಲಿಯಲ್ಲಿ ನಡೆಯುತ್ತಿದ್ದುದರಿಂದ ಅವಳು ನಾಲ್ಕೂ ಪುಸ್ತಕಗಳನ್ನು, ನನ್ನ ಕೆಮ್ಮು ಬೈಗುಳ ಸಮೇತ, ಕಿವಿಯಿಂದಲೇ ಮುಗಿಸಿಬಿಟ್ಟಿದ್ದಳು. ಅವಳ ಪ್ರಕಾರ ಓದು ಎಂದರೆ ಅದು. ನನ್ನ ಪ್ರಕಾರವೂ ಅಷ್ಟೇ ಆಗಿತ್ತು, ಗಾಳಿ ಬೀಸುವ ತನಕ. ಆ ದಿನ ನಾನು ನಾಚಿಕೆಯಿಂದ ಊಟದ ಡಬ್ಬಿ ತೆರೆಯಲಿಲ್ಲ.

ಸಂಜೆ ಹೆಡ್ ಮಾಸ್ತರರಿಗೆ ಹೇಳಿದೆ. ಅವರು ತಣ್ಣಗೆ, ಉಳಿದ ಮಕ್ಕಳನ್ನೂ ನೋಡಿ ಎಂದರು. ನೋಡಿದೆ. ಅರ್ಧಕ್ಕರ್ಧ ಅದೇ ಕತೆ. ಆದರೆ ಉಳಿದವರಿಗೆಲ್ಲ ಇನ್ನೂ ಕಾಲವಿತ್ತು. ಅವಳಿಗೆ ಇದ್ದದ್ದು ದೀಪಾವಳಿಯ ತನಕ. ಅಪ್ಪ ಬಂದು ಪರೀಕ್ಷೆ ಮಾಡಿ, ಬರುವುದಿಲ್ಲ ಎಂದು ಗೊತ್ತಾದರೆ, ಅವಳ ಶಾಲೆ ಅಲ್ಲಿಗೆ ಮುಗಿಯಿತು. ಮರಿ ನೋಡುವ ಹುಡುಗಿಯನ್ನು ಮತ್ತೆ ಮತ್ತೆ ಬಿಡಿಸಿ ತರುವಷ್ಟು ನನ್ನ ಮಾತಿಗೆ ಬೆಲೆ ಉಳಿಯುತ್ತಿರಲಿಲ್ಲ.

ಮರುದಿನದಿಂದ ನಾನು ಅಕ್ಷರಮಾಲೆ ಹಿಡಿದು ಅವಳ ಬೆನ್ನು ಹತ್ತಿದೆ. ಗೋಡೆಯ ಮೇಲಿನ ತಖ್ತೆಯಲ್ಲಿ ಯಾವುದೇ ಅಕ್ಷರಕ್ಕೆ ಕೋಲು ಇಟ್ಟರೂ ಹೇಳುತ್ತಿದ್ದಳು, ಆದರೆ ತುಟಿಯೊಳಗೇ ಅ ಆ ಇ ಈ ಎಂದು ಓಡುತ್ತ ಅಲ್ಲಿಗೆ ಬಂದು ಮುಟ್ಟಿದ ಮೇಲೆ. ರಟ್ಟಿನ ಮೇಲೆ ಒಂದೊಂದೇ ಅಕ್ಷರ ಬರೆದು ಕಲಸಿ ಕೊಟ್ಟೆ. ಎರಡೇ ದಿನದಲ್ಲಿ ಎಲ್ಲ ಸರಿಯಾಗಿ ಹೇಳತೊಡಗಿದಳು. ನನಗೆ ಹೋದ ಜೀವ ಬಂತು. ಆಮೇಲೆ ನೋಡಿದರೆ ಎಣ್ಣೆ ಕಲೆ ಇದ್ದದ್ದು ಮ, ಮೂಲೆ ಮುರಿದದ್ದು ರ, ಇರುವೆ ಸತ್ತು ಅಂಟಿದ್ದು ಕ. ಒಂದೇ ನಮೂನೆ ಕಾಣುವ ಕುರಿಗಳಲ್ಲಿ ಯಾವುದು ಯಾರದು ಎಂದು ಹೇಳುವ ಮನೆಯ ಹುಡುಗಿ ಅವಳು, ನನ್ನ ರಟ್ಟುಗಳು ಯಾವ ಲೆಕ್ಕ. ನಾನು ಹೊಸ ರಟ್ಟು ಕತ್ತರಿಸಿದೆ. ಅವಳು ಹೊಸ ಗುರುತು ಹಿಡಿದಳು. ಹೀಗೆ ಹದಿನೈದು ದಿನ ನಾವಿಬ್ಬರೂ ಹಟ ಹಿಡಿದು ಆಡಿದೆವು, ಗೆದ್ದವಳು ಅವಳೇ.

ನನ್ನನ್ನು ಉಳಿಸಿದ್ದು ನನ್ನ ಗಂಟಲು. ವರ್ಷಗಟ್ಟಲೆ ಕೂಗಿ ಓದಿಸಿದ್ದಕ್ಕೋ ಏನೋ, ಒಂದು ಬೆಳಿಗ್ಗೆ ಎದ್ದರೆ ದನಿಯೇ ಇಲ್ಲ. ಹೆಡ್ ಮಾಸ್ತರರು ವಾಡಿಕೆಯಂತೆ ಇಂಡಿಗೆ ಹೋಗಿದ್ದರು. ರಜೆ ಹಾಕುವ ಹಾಗಿಲ್ಲ. ಶಾಲೆಗೆ ಹೋಗಿ ಹಲಗೆಯ ಮೇಲೆ, ಇವತ್ತು ನನ್ನ ಗಂಟಲು ಕಟ್ಟಿದೆ, ಎಲ್ಲರೂ ಲೆಕ್ಕ ಮಾಡಿರಿ ಎಂದು ಬರೆದೆ. ಮಕ್ಕಳು ಹಲಗೆ ನೋಡಿ, ನನ್ನನ್ನು ನೋಡಿ, ಬಾಯಿ ತೆರೆದು ಕಾಯುತ್ತ ಕುಳಿತವು. ನಾನು ಓದಿ ಹೇಳಬೇಕು, ಅವು ಅನ್ನಬೇಕು. ಕೋಲು ಬಡಿದು ತೋರಿಸಿದೆ. ಇನ್ನೂ ಅಗಲವಾಗಿ ಬಾಯಿ ತೆರೆದವು.

ನನಗೆ ರೇಗಿತು. ಸಿಟ್ಟು ಮಕ್ಕಳ ಮೇಲೋ, ನನ್ನ ಮೇಲೋ, ಇಂಡಿಗೆ ಹೋದವರ ಮೇಲೋ ಗೊತ್ತಿಲ್ಲ. ಬರೆದದ್ದನ್ನು ಒರೆಸಿ ದೊಡ್ಡ ಅಕ್ಷರದಲ್ಲಿ, ಹೆಡ್ ಮಾಸ್ತರರು ಹುಲ್ಲು ತಿನ್ನಲು ಇಂಡಿಗೆ ಹೋಗಿದ್ದಾರೆ ಎಂದು ಬರೆದು ಕುರ್ಚಿಯ ಮೇಲೆ ಕುಳಿತೆ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಾಲ್ಕನೆಯ ಇಯತ್ತೆಯ ಸಾಲಿನಲ್ಲಿ ಒಬ್ಬ ಮೂಗಿನಿಂದ ಸದ್ದು ಮಾಡಿದ. ಪಕ್ಕದವನು ಹಲಗೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ಬಾಯಿಗೆ ಅಂಗಿ ತುರುಕಿಕೊಂಡ. ನಗು ಅಲ್ಲೊಂದು ಇಲ್ಲೊಂದು ಎದ್ದಿತು. ಓದಿದವರು ನಕ್ಕರು, ಅವರು ನಗುವುದು ನೋಡಿ ಓದದವರೂ ನಕ್ಕರು. ಎಲ್ಲರಿಗಿಂತ ಕೊನೆಗೆ ನಕ್ಕವಳು ನನ್ನ ಹುಡುಗಿ. ನಗುತ್ತಲೇ ಅತ್ತ ಇತ್ತ ನೋಡುತ್ತಿದ್ದಳು, ಏಕೆ ನಗುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿದಳು. ಎಲ್ಲದರಲ್ಲೂ ಮುಂದಿರುವವಳನ್ನು ಒಮ್ಮೆ ಹಿಂದೆ ಹಾಕುವ ಅವಕಾಶವನ್ನು ಯಾರು ಬಿಡುತ್ತಾರೆ, ಯಾರೂ ಹೇಳಲಿಲ್ಲ.

ಆಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ನಿಂತಳು. ಮುಖ ಕೆಂಪಾಗಿತ್ತು. "ಅಕ್ಕೋರ, ಅದರಾಗ ಏನೈತ್ರಿ?" ಎಂದಳು. ದನಿ ಇದ್ದಿದ್ದರೆ ನಾನು ಹೇಳಿಬಿಡುತ್ತಿದ್ದೆ, ಕಲಿಸುವವರಿಗೆ ಬಾಯಿ ತಡೆಯುವುದು ಅಷ್ಟು ಸುಲಭವಲ್ಲ. ದನಿ ಇರಲಿಲ್ಲ. ಹಲಗೆಯತ್ತ ಬೆರಳು ತೋರಿಸಿದೆ. ಅವಳು ಹೋಗಿ ಅದರ ಮುಂದೆ ನಿಂತಳು. ಬಿಡುವು ಮುಗಿದು ಎಲ್ಲರೂ ಒಳಗೆ ಬಂದರೂ ನಿಂತೇ ಇದ್ದಳು.

ಅದನ್ನು ಒರೆಸುವುದು ಮರೆತಿದ್ದೆ. ಮರುದಿನ ಮೊದಲು ಬಂದವರು ಹೆಡ್ ಮಾಸ್ತರರು. ನಾನು ಹೋದಾಗ ಹಲಗೆಯ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದರು. ನನ್ನ ನೌಕರಿಯ ಕತೆ ಮುಗಿಯಿತು ಎಂದುಕೊಂಡೆ. ಗಂಟಲಿನಿಂದ ಗಾಳಿಯಷ್ಟೇ ಬಿಡುತ್ತ, ಕೈಸನ್ನೆಯಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಈ ಊರಾಗ ಹುಲ್ಲ ಎಲ್ಲೈತ್ರಿ? ಕಣಕಿ ಅಂತ ತಿದ್ದರಿ" ಎಂದು ತಮ್ಮ ಕೈಯಾರೆ ಸೀಮೆಸುಣ್ಣ ಕೊಟ್ಟರು. ಕಣಕಿ ಎಂದರೆ ಜೋಳದ ದಂಟು, ನಮ್ಮ ಕಡೆ ದನಗಳಿಗೆ ಹಾಕುವುದು ಅದನ್ನೇ. ಅಂದಿನಿಂದ ಅವರ ಮೇಲೆ ನನಗಿದ್ದ ದೂರುಗಳಲ್ಲಿ ಅರ್ಧ ನಾನೇ ಮಾಫು ಮಾಡಿದೆ.

ದಿನಾ ಬೆಳಿಗ್ಗೆ ಒಂದು ಸುಳ್ಳು ಶುರುವಾಯಿತು. ನಿಯಮ ಎರಡೇ. ಯಾರೂ ಬಾಯಿ ಬಿಟ್ಟು ಓದಬಾರದು. ಏನಿದೆ ಎಂದು ಇನ್ನೊಬ್ಬರಿಗೆ ಹೇಳಬಾರದು. ಗಂಟಲು ನಾಲ್ಕು ದಿನಕ್ಕೆ ಸರಿಹೋಯಿತು, ನಾನು ಮಾತ್ರ ಹತ್ತು ದಿನ ಮೂಕಿಯಾಗಿಯೇ ಇದ್ದೆ. ಪಾಠದ ಸಾಲಾದರೆ ಮೊದಲ ಶಬ್ದ ಸಿಕ್ಕರೆ ಉಳಿದದ್ದನ್ನು ಊಹಿಸಬಹುದು, ನೆನಪಿನಿಂದ ಎಳೆಯಬಹುದು. ಸುಳ್ಳನ್ನು ಊಹಿಸಲು ಬರುವುದಿಲ್ಲ. ಇಲಿ ಬಸ್ಸು ಹತ್ತಿ ಏನು ಮಾಡಿತು ಎಂದು ತಿಳಿಯಲು ಕೊನೆಯ ಅಕ್ಷರದ ತನಕ ಹೋಗಲೇಬೇಕು. ಊರಿನವರು ಶಾಲೆ ಏಕೆ ಸುಮ್ಮನಿದೆ ಎಂದು ವಿಚಾರಿಸಿಕೊಂಡು ಬಂದರು. ಒಳಗಿನಿಂದ ಒಮ್ಮೆಲೇ ನಗು ಕೇಳಿ, ಅಕ್ಕೋರು ಪಾಠ ಬಿಟ್ಟು ಮಕ್ಕಳನ್ನು ಆಡಿಸುತ್ತಾರೆ ಎಂದು ಮಾತಾಡಿಕೊಂಡರು. ಮಾತಾಡಲಿ ಎಂದು ಬಿಟ್ಟೆ.

ನನ್ನ ಹುಡುಗಿಗೆ ನಗುವಿನಲ್ಲಿ ಹಿಂದೆ ಬೀಳುವುದು ಸಹಿಸಲಾಗಲಿಲ್ಲ. ಶಾಲೆ ಬಿಟ್ಟ ಮೇಲೆ ನಿಂತು ಈ ಅಕ್ಷರ ಯಾವುದು, ಆ ಗುರುತು ಯಾವುದು ಎಂದು ತಾನೇ ಕೇಳತೊಡಗಿದಳು. ರಟ್ಟಿನ ಕಲೆ ಹಿಡಿದಿಟ್ಟುಕೊಳ್ಳುತ್ತಿದ್ದ ಅದೇ ಕಣ್ಣು ಈಗ ಅಕ್ಷರದ ಕೊಂಬು, ತಲೆಕಟ್ಟು ಹಿಡಿಯತೊಡಗಿತು. ಆದರೂ ಒಂದು ತಿಂಗಳು ಅವಳ ನಗು ಉಳಿದವರ ಹಿಂದೆಯೇ ಬರುತ್ತಿತ್ತು. ನಾನು ದಿನ ಎಣಿಸುತ್ತಿದ್ದೆ.

ಒಂದು ದಿನ ಹಲಗೆಯ ಮೇಲೆ, ಕುರಿ ಮರ ಹತ್ತಿತು ಎಂದು ಬರೆದೆ. ಅವಳಿಗಾಗಿಯೇ ಬರೆದದ್ದು. ಮಕ್ಕಳು ನಗತೊಡಗಿದವು. ಅವಳು ನಗಲಿಲ್ಲ. ತುಟಿ ಬಿಗಿ ಹಿಡಿದು ಹಲಗೆಯನ್ನೇ ನೋಡಿದಳು. ಇವತ್ತೂ ಆಗಲಿಲ್ಲ ಎಂದು ನಾನು ಡಸ್ಟರ್ ಕೈಗೆತ್ತಿಕೊಂಡೆ. ಅವಳು ಎದ್ದು ನಿಂತಳು, ನಿಯಮ ಗಿಯಮ ಎಲ್ಲ ಗಾಳಿಗೆ ಹೋಯಿತು.

"ಕುರಿ ಗಿಡಾ ಹತ್ತೂದಿಲ್ರಿ ಅಕ್ಕೋರ. ಹತ್ತೂದು ಆಡ. ನಿಮಗ ಗೊತ್ತಿಲ್ಲಂದ್ರ ಕೇಳಿ ಬರೀಬೇಕ್ರಿ."

ನನಗೆ ಅಷ್ಟು ಸಿಹಿಯಾದ ಬೈಗುಳ ಆಮೇಲೆ ಯಾರೂ ಬೈದಿಲ್ಲ. ಡಸ್ಟರನ್ನು ಅಲ್ಲೇ ಇಟ್ಟು, ತಪ್ಪಾಯಿತು ಎಂದು ಕಿವಿ ಹಿಡಿದುಕೊಂಡೆ. ಅವಳು ಓದಿದ್ದಳು. ಓದಿ, ಬರೆದವರ ಜೊತೆ ಜಗಳಕ್ಕೇ ನಿಂತಿದ್ದಳು. ಸಾಹೇಬರ ಅತ್ಯುತ್ತಮಕ್ಕಿಂತ ಇದು ಎಷ್ಟೋ ಮೇಲೆ.

ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರಿರಲಿಲ್ಲ. ಸಿಮೆಂಟ್ ಚೀಲದ ಮೇಲಿನದು, ಬೀಜದ ಪಾಕೀಟಿನದು, ರಸ್ತೆಗೆ ಹೋಗಿ ನಿಂತು ಬಸ್ಸಿನ ಬೋರ್ಡು, ಎಲ್ಲವೂ ಓದಿಗೆ ಬಂತು. ನನ್ನ ಸುಳ್ಳುಗಳನ್ನು ತಿದ್ದುವುದೂ ಅವಳ ಕೆಲಸವಾಯಿತು. ಅದಕ್ಕಾಗಿ ಕುರಿಗಳ ಬಗ್ಗೆ ನನಗೆ ಪಾಠ ಹೇಳುತ್ತಿದ್ದಳು. ಕೊಲ್ಹಾರದ ಸೇತುವೆ ಮೇಲೆ ಹೋಗುವಾಗ ಕೆಳಗಿನ ನೀರು ಕಂಡು ಕುರಿ ಹೆಜ್ಜೆ ಇಡುವುದಿಲ್ಲವಂತೆ, ಅವ್ವ ಒಂದು ಮರಿಯನ್ನು ಎತ್ತಿಕೊಂಡು ಮುಂದೆ ನಡೆದರೆ ಮಾತ್ರ ಉಳಿದವು ಹಿಂದೆ ಬರುತ್ತವಂತೆ. ಅವ್ವನ ಹಿಂದೆ ಎರಡನೆಯ ಮರಿ ಎತ್ತಿಕೊಂಡು ನಡೆಯುವವಳು ತಾನಂತೆ. ಹೇಳುವಾಗ ಅವಳ ಮುಖ ಬೇರೆಯೇ ಆಗುತ್ತಿತ್ತು. ನಾನು ಅದನ್ನು ಕೇಳಿ, ಅದರಲ್ಲಿ ಯಾವ ಶಬ್ದ ನಾಳೆ ಹಲಗೆಗೆ ಬರುತ್ತದೆ ಎಂದಷ್ಟೇ ಯೋಚಿಸುತ್ತಿದ್ದೆ. ನೀನು ಉಳಿಯುತ್ತೀಯಾ ಎಂದು ಅವಳನ್ನು ಒಮ್ಮೆಯೂ ಕೇಳಲಿಲ್ಲ.

ದೀಪಾವಳಿಯ ಸೂಟಿ ಮುಗಿದು ಶಾಲೆ ಶುರುವಾದ ಎರಡನೆಯ ದಿನ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ಅಪ್ಪ ಬಂದ. ರಸ್ತೆಯ ಮೇಲೆ ಹಿಂಡು ನಿಂತಿತ್ತು, ಕತ್ತೆಗಳ ಮೇಲೆ ಸಾಮಾನು ಹೇರಿತ್ತು, ಅವ್ವ ಹಿಂಡಿನ ಆಚೆ ತುದಿಯಲ್ಲಿದ್ದಳು. ನಾನು ಪುಸ್ತಕ ತರಲು ಹೋದೆ. ಅವನು ಬೇಡ ಎಂದ. ಪುಸ್ತಕ ಬೇಡ, ಹಲಗೆ ಬೇಡ, ಅಕ್ಕೋರು ಬರೆಯುವುದೂ ಬೇಡ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಹೆಡ್ ಮಾಸ್ತರರನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದ. ಅವರ ಕಿವಿಯಲ್ಲಿ ಏನೋ ಹೇಳಿದ. ಅವರು ವಹಿಯ ಹಾಳೆ ಹರಿದು ಮೊಣಕಾಲ ಮೇಲಿಟ್ಟುಕೊಂಡು ಬರೆಯತೊಡಗಿದರು.

ಸುಳ್ಳು ಓದುವ ಹುಡುಗಿ ಏನು ಬೇಕಾದರೂ ಓದುತ್ತಾಳೆ ಎಂಬ ಧೈರ್ಯವಿತ್ತು. ಆದರೆ ಹೆಡ್ ಮಾಸ್ತರರ ಅಕ್ಷರ ಓದುವುದು ದೇವರಿಗೂ ಕಷ್ಟ. ದೂರದಿಂದಲೇ ಬಿಡಿ ಬಿಡಿಯಾಗಿ ಬರೆಯಿರಿ ಸರ್ ಎಂದು ಕೈಸನ್ನೆ ಮಾಡಿದೆ. ಅವರು ನನ್ನತ್ತ ನೋಡಲಿಲ್ಲ. ಬರೆಯುವುದನ್ನು ನಿಲ್ಲಿಸಿ ಅವನನ್ನು ಏನೋ ಕೇಳಿದರು, ಅವನು ಹೌದೆಂದು ತಲೆ ಆಡಿಸಿದ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ತಲೆ ಆಡಿಸಿದ. ಬಂದು ಹಾಳೆಯನ್ನು ಹುಡುಗಿಯ ಕೈಗೆ ಕೊಟ್ಟರು. ಒಂದು ಚೇಷ್ಟೆಯ ಮಾತೂ ಆಡಲಿಲ್ಲ, ಹಾಗೆ ಇರುವುದು ಅವರ ಸ್ವಭಾವವೇ ಅಲ್ಲ.

ಅವಳು ಬಾಯಿ ಮುಚ್ಚಿ ಓದತೊಡಗಿದಳು. ನಾನೇ ಕಲಿಸಿದ್ದು ಹಾಗೆ. ಬೆರಳು ಮೊದಲ ಸಾಲಿನ ಮೇಲೆ ಸರಿಯಿತು, ಎರಡನೆಯದಕ್ಕೆ ಇಳಿಯಿತು, ಅಲ್ಲಿ ನಿಂತಿತು. ನಾನು ನಗುವಿಗೆ ಕಾದೆ. ನಗು ಇಲ್ಲದಿದ್ದರೆ ತಪ್ಪು ತೆಗೆದು ಜಗಳವಾದರೂ ಆಡಲಿ ಎಂದು ಕಾದೆ. ಎರಡೂ ಬರಲಿಲ್ಲ. ಬೆರಳು ಮತ್ತೆ ಮೊದಲ ಸಾಲಿಗೆ ಹೋಯಿತು. ಯಾವ ಅಕ್ಷರಕ್ಕೆ ಸಿಕ್ಕಿಹಾಕಿಕೊಂಡಳು ಎಂದು ತಡೆಯಲಾಗದೆ ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಹೆಡ್ ಮಾಸ್ತರರು ಕೈ ಅಡ್ಡ ಹಿಡಿದರು. ಎಲ್ಲ ಹೋಯಿತು ಎಂದುಕೊಂಡೆ.

ಅವಳು ಹಾಳೆಯಿಂದ ತಲೆ ಎತ್ತಿ ಅಪ್ಪನನ್ನು ನೋಡಿದಳು.

"ಅವ್ವನೂ ಹೊಂಟಾಳೇನಪಾ?"

ಅವನು ಹೂಂ ಎಂದ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಟೀಚೀಲದಲ್ಲಿ ಹಾಕಿಕೊಂಡು ಒಳಗೆ ಹೋದಳು.

ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಹೆಡ್ ಮಾಸ್ತರರು ಮೆಲ್ಲಗೆ ಹೇಳಿದರು. ಅವನು ಹೇಳಿದ್ದನ್ನು ಹೇಳಿದ ಹಾಗೇ, ಬಿಡಿ ಬಿಡಿ ಅಕ್ಷರದಲ್ಲಿ ಬರೆದಿದ್ದರಂತೆ. ನೀ ಇಲ್ಲೇ ಇರು, ಆಯಿ ಜೋಡಿ ಇರು. ನಾವು ಹೊಂಟೇವಿ. ಅಷ್ಟೇ, ಎರಡು ಸಾಲು. ಇಷ್ಟು ದಿನ ನಾನು ಅವಳಿಗೆ ಓದಲು ಕೊಟ್ಟದ್ದೆಲ್ಲ ಸುಳ್ಳು. ಅವಳಿಗೆಂದೇ ಬರೆದ ಮೊದಲ ನಿಜ ಅದು.

ಅಪ್ಪ ರುಮಾಲು ಸರಿಮಾಡಿಕೊಂಡು ಹೊರಟಿದ್ದ. ನಾನು ಹಿಂದೆಯೇ ಓಡಿಹೋಗಿ, ಓದಲು ಬರದೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಸಿಟ್ಟು ಬಂದಿತ್ತು ನನಗೆ, ಎಂಥ ಪರೀಕ್ಷೆ ಇದು ಎಂದು. ಅವನು ನಿಂತ, ಆದರೆ ನನ್ನ ಕಡೆ ತಿರುಗಲಿಲ್ಲ.

"ಓದಾಕ ಬರದಿದ್ರ ಆಕಿಗೆ ಗೊತ್ತ ಆಗ್ತಿದ್ದಿಲ್ಲ ಬಿಡ್ರಿ" ಎಂದ. "ನಕ್ಕೋತ ನಮ್ಮ ಕೂಡ ಬರ್ತಿದ್ಲು."

ಹಿಂಡು ಎದ್ದು ನಡೆಯಿತು. ಅವ್ವ ತಿರುಗಿ ತಿರುಗಿ ಶಾಲೆಯ ಕಡೆ ನೋಡುತ್ತ ಹೋದಳು. ನಾನು ಗೆದ್ದಿದ್ದೆ, ನನ್ನ ಹುಡುಗಿ ಶಾಲೆಯಲ್ಲಿ ಉಳಿದಿದ್ದಳು. ಯಾರಿಗೂ ಹೇಳಿಕೊಳ್ಳುವ ಮನಸ್ಸಾಗಲಿಲ್ಲ. ಒಳಗೆ ಹೋಗಿ, ಉಳಿದ ಮಕ್ಕಳಿಗೆ ಲೆಕ್ಕ ಮಾಡಲು ಹೇಳಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡೆ.